ರೆಕಾರ್ಡರ್ ಆಫ್ ಮಾಡಿದ ಮೇಲೆ ಹೇಳಿದ ಮಾತು

"ಮೇಡಂ, ಈ ಸಮ್ಮರಿಯಲ್ಲಿ ಬರೆದಿರೋದು ನಿಜಾನಾ?"

ಫೋನಿನಲ್ಲಿ ಈ ಪ್ರಶ್ನೆ ಕೇಳಿ ಎರಡು ವರ್ಷ ಆಯಿತು. ಈಗಲೂ ನೆನಪಾದರೆ ಹೊಟ್ಟೆ ಹಿಂಡಿದ ಹಾಗಾಗುತ್ತದೆ.

ನಾನು ಮೌಖಿಕ ಇತಿಹಾಸದ ಸಂಗ್ರಹವೊಂದಕ್ಕೆ ಸಂದರ್ಶನ ಮಾಡುತ್ತೇನೆ. ದುಡಿದು ನಿವೃತ್ತರಾದವರನ್ನು ಕೂರಿಸಿಕೊಂಡು ಅವರ ಬದುಕಿನ ಕಥೆ ಕೇಳುವ ಕೆಲಸ. ಬೆಳೆದ ಮನೆ, ಅಪ್ಪ ಅಮ್ಮ, ಮನೆ ಬಿಟ್ಟು ಹೊರಟಿದ್ದು, ಮೊದಲ ಕೆಲಸ ಸಿಕ್ಕಿದ್ದು. ಆ ಫೋನಿಗೆ ಕಾರಣವಾದ ಸಂದರ್ಶನ ಕೊಟ್ಟ ಅಮ್ಮನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು, ಇಸವಿಗಳನ್ನೂ ಸೇರಿಸಿ, ಬದಲಿಸಿದ್ದೇನೆ.

ಮೊದಲು ನಮ್ಮ ಸ್ಲಾಟ್ ಬಗ್ಗೆ ಹೇಳಬೇಕು. ಒಂದು ಸಂದರ್ಶನಕ್ಕೆ 40 ನಿಮಿಷ, ದಿನಕ್ಕೆ ನಾಲ್ಕು. ಈ 40 ನಿಮಿಷದ ಲೆಕ್ಕವನ್ನು ಮೇಲಿನವರು ಅಮೆರಿಕದ ಸ್ಟೋರಿಕಾರ್ಪ್ಸ್‌ನಿಂದ ತಂದರು. 2003ರಲ್ಲಿ ಶುರುವಾದ, ಸಾಮಾನ್ಯ ಜನರ ಮಾತುಕತೆ ರೆಕಾರ್ಡ್ ಮಾಡಿಡುವ ಆ ಸಂಸ್ಥೆಯಲ್ಲಿ 40 ನಿಮಿಷ ಮಾತಾಡುವುದು ನಿಜ. ಆದರೆ ಅಲ್ಲಿ ಸಾಮಾನ್ಯವಾಗಿ ಮೊದಲೇ ಪರಿಚಯ ಇರುವ ಇಬ್ಬರು ಎದುರುಬದುರು ಕೂರುತ್ತಾರೆ. ಅಜ್ಜಿ ಮೊಮ್ಮಗ, ಹಳೇ ಗೆಳೆಯರು, ಹೀಗೆ. ನಮ್ಮಲ್ಲಿ ಎದುರಿಗೆ ಕೂರುವುದು ಮೊದಲ ಸಲ ಮುಖ ನೋಡುತ್ತಿರುವ ನಾನು. ಗಡಿಯಾರ ಮಾತ್ರ ಬಂತು, ಪರಿಚಯ ಬರಲಿಲ್ಲ. ಇದನ್ನು ಮೀಟಿಂಗಿನಲ್ಲಿ ಹೇಳಿದ್ದೇನೆ. "ನೋಡೋಣ" ಅಂದಿದ್ದಾರೆ.

ಆ ದಿನ ಆ ಅಮ್ಮ ಮೂರನೇ ಸ್ಲಾಟ್. ಎಪ್ಪತ್ತು ದಾಟಿದವರು. ಮೈಕ್ ಹಾಕಿ, ಸ್ಲೇಟ್ (ಹೆಸರು, ದಿನಾಂಕ) ಹೇಳಿ, ರೂಮ್ ಟೋನ್ (ಯಾರೂ ಮಾತಾಡದಾಗಿನ ಕೋಣೆಯ ಸದ್ದು) ತಗೊಂಡು ಶುರು ಮಾಡಿದೆ. ಬಾಲ್ಯದ ಬಗ್ಗೆ ಚೆನ್ನಾಗಿ ಮಾತಾಡಿದರು. ಕೈಯಲ್ಲಿ ಕನ್ನಡಕದ ಬಾಕ್ಸ್ ಇತ್ತು. ಹಳೆಯದು, ಅಂಚಿನ ಬಣ್ಣ ಪೂರ್ತಿ ಹೋಗಿತ್ತು. ಮಾತಾಡುತ್ತಾ ಹೆಬ್ಬೆರಳಿನಿಂದ ಅದರ ಮುಚ್ಚಳ ತೆಗೆಯುವುದು, ಮುಚ್ಚುವುದು. ಟಕ್. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಟಕ್. ಹೆಡ್‌ಫೋನಿನಲ್ಲಿ ಅದು ಕಲ್ಲು ಹೊಡೆದ ಹಾಗೆ ಕೇಳಿಸುತ್ತಿತ್ತು.

ಮನೆ ಬಿಟ್ಟು ಬಂದ ವಿಷಯಕ್ಕೆ ಬರುವಷ್ಟರಲ್ಲಿ ಟಕ್ ಟಕ್ ಜಾಸ್ತಿ ಆಯಿತು. "ಅಮ್ಮ, ಅದನ್ನು ಸ್ವಲ್ಪ ಪಕ್ಕಕ್ಕಿಡ್ತೀರಾ?" ಅಂದೆ. ತಕ್ಷಣ ಮೇಜಿನ ಮೇಲಿಟ್ಟರು. "ಸಾರಿ ಕಣಮ್ಮ" ಅಂದರು. ಆಮೇಲೆ ಅವರಿಗೆ ಕೈ ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ಮಡಿಲಲ್ಲಿಟ್ಟರು, ಮೇಜಿನ ಮೇಲಿಟ್ಟರು, ಮತ್ತೆ ಮಡಿಲಿಗೆ ತಂದರು. ಉತ್ತರಗಳು ಒಂದೊಂದೇ ವಾಕ್ಯಕ್ಕೆ ಇಳಿದವು. ನಾನು ನೋಡುತ್ತಿದ್ದದ್ದು ರೆಕಾರ್ಡರಿನಲ್ಲಿ ದನಿಯ ಮಟ್ಟ ತೋರಿಸುವ ಮೀಟರನ್ನು. ಆಡಿಯೋ ಕ್ಲೀನ್ ಆಯಿತು ಅಂತ ಸಮಾಧಾನವಾಗಿತ್ತು.

ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ವಯಸ್ಸಾದವರು ಬದುಕಿನ ಕಥೆ ಹೇಳುವಾಗ ಸುಮಾರು 10ರಿಂದ 30 ವರ್ಷದೊಳಗಿನ ನೆನಪುಗಳೇ ಜಾಸ್ತಿ ಬರುತ್ತವೆ. ಮೊದಲ ಸಲ ಮನೆ ಬಿಟ್ಟಿದ್ದು, ಮೊದಲ ಸಂಬಳ, ಅದೆಲ್ಲ ಆ ವಯಸ್ಸಿನಲ್ಲೇ ಅಲ್ವಾ. ನಮ್ಮಲ್ಲಿ ಬಂದವರು ಹೆಚ್ಚಿನವರು ಈ ಭಾಗಕ್ಕೆ ಬಂದರೆ ನಿಲ್ಲಿಸುವುದೇ ಕಷ್ಟ. ಇವರು ಅಲ್ಲೇ ನಿಂತುಬಿಟ್ಟಿದ್ದರು. ಅದನ್ನು ಗಮನಿಸದೆ ನಾನು ಮುಂದಿನ ಪ್ರಶ್ನೆಗೆ ಹೋದೆ.

ಇನ್ನೊಂದು ಸಮಸ್ಯೆ ಇಸವಿಯದು. ಒಂದು ಕಡೆ 1971ರಲ್ಲಿ ಬಂದೆ ಅಂದರು. ಹತ್ತು ನಿಮಿಷ ಬಿಟ್ಟು 1974 ಅಂದರು. ನಮ್ಮ ಸಾಫ್ಟ್‌ವೇರಿನಲ್ಲಿ ಊರು ಬಿಟ್ಟ ವರ್ಷಕ್ಕೆ ಒಂದೇ ಕಾಲಂ. ಖಾಲಿ ಬಿಟ್ಟರೆ ಕೆಂಪಾಗುತ್ತದೆ, ಸೇವ್ ಆಗುವುದಿಲ್ಲ. "ಅಮ್ಮ, ಎರಡರಲ್ಲಿ ಯಾವುದು ಸರಿ?" ಅಂತ ಕೇಳಿದೆ. ಅವರು ನನ್ನನ್ನೇ ನೋಡಿದರು. "ಎಪ್ಪತ್ನಾಲ್ಕು ಅಂತ ಬರ್ಕೊ" ಅಂದರು. ಬರ್ಕೊ ಅಂದರು, ಸರಿ ಅನ್ನಲಿಲ್ಲ. ಆ ವ್ಯತ್ಯಾಸ ನನಗೆ ಆಗ ಕೇಳಿಸಲಿಲ್ಲ.

ಟ್ರೇನಿಂಗಿನಲ್ಲಿ ನಮಗೆ ಇಟಲಿಯ ಟೆರ್ನಿಯ ಕಥೆ ಹೇಳಿಕೊಟ್ಟಿದ್ದರು. ಅಲ್ಲಿನ ಉಕ್ಕಿನ ಕಾರ್ಖಾನೆಯ ಕಾರ್ಮಿಕ ಲುಯಿಜಿ ತ್ರಸ್ತುಲ್ಲಿ 1949ರಲ್ಲಿ ಪ್ರತಿಭಟನೆಯೊಂದರಲ್ಲಿ ಪೊಲೀಸರ ಕೈಯಲ್ಲಿ ಸತ್ತ. ಇತಿಹಾಸಕಾರ ಅಲೆಸ್ಸಾಂದ್ರೋ ಪೋರ್ಟೆಲ್ಲಿ ಎಷ್ಟೋ ವರ್ಷದ ಮೇಲೆ ಆ ಊರಿನವರನ್ನು ಮಾತಾಡಿಸಿದಾಗ, ಅನೇಕರು ಆ ಸಾವನ್ನು 1953ಕ್ಕೆ ಹಾಕಿದ್ದರು. ಕಾರ್ಖಾನೆಯಿಂದ ಜನರನ್ನು ಗುಂಪು ಗುಂಪಾಗಿ ಕೆಲಸದಿಂದ ತೆಗೆದಾಗ ನಡೆದ ಗಲಾಟೆಯ ವರ್ಷ ಅದು. ಪೋರ್ಟೆಲ್ಲಿ ಅದನ್ನು ಬರೀ ತಪ್ಪು ಅಂತ ಬಿಡಲಿಲ್ಲ, ಆ ವರ್ಷಕ್ಕೇ ಯಾಕೆ ಹಾಕಿದರು ಅಂತ ಕೇಳಿದರು. ಇದನ್ನು ಹೊಸಬರಿಗೆ ನಾನೇ ಪಾಠ ಮಾಡಿದ್ದೇನೆ. ಆದರೂ ಎದುರಿಗೆ ಎರಡು ಇಸವಿ ಬಂದಾಗ ಕೆಂಪು ಕಾಲಂ ತುಂಬಿಸುವುದೇ ನನಗೆ ಮುಖ್ಯವಾಯಿತು.

38ನೇ ನಿಮಿಷಕ್ಕೆ ಸ್ಟಾಪ್ ಒತ್ತಿದೆ. ಮೈಕ್ ಬಿಚ್ಚಿದೆ. ಅವರು ಕನ್ನಡಕದ ಬಾಕ್ಸ್ ತಗೊಂಡರು. ಬಾಗಿಲ ಹತ್ತಿರ ನಿಂತು ಮುಚ್ಚಳ ತೆಗೆದರು, ಮುಚ್ಚಿದರು. "ಎರಡೂ ಸರೀನೇ ಕಣಮ್ಮ. ನಾನು ಎರಡು ಸಲ ಬಂದೆ" ಅಂದರು. ಮೊದಲ ಸಲ ಬಂದು ಯಾಕೆ ವಾಪಸ್ ಹೋದರು, ನಡುವಿನ ಮೂರು ವರ್ಷ ಏನಾಯಿತು ಅಂತ ಹೇಳಿದರು. ಐದು ನಿಮಿಷ ಇರಬಹುದು. ನನ್ನ ಮೊಣಕೈ ಹಿಡಿದುಕೊಂಡೇ ಹೇಳಿದರು. ಏನು ಹೇಳಿದರು ಅಂತ ಇಲ್ಲಿ ಬರೆಯುವುದಿಲ್ಲ.

ಅವರು ಹೋದ ಮೇಲೆ ನಾನು ಕೂತು ಸಮ್ಮರಿ ಬರೆದೆ. ಅದರಲ್ಲಿ ಆ ಐದು ನಿಮಿಷವನ್ನೂ ಮೂರು ಸಾಲಿನಲ್ಲಿ ಸೇರಿಸಿದೆ. ಆಗ ನನಗೆ ಖುಷಿಯಾಗಿತ್ತು. ಇಸವಿಯ ಗೊಂದಲ ಬಿಡಿಸಿದೆ, ಕಥೆಯ ನಿಜವಾದ ಎಳೆ ಸಿಕ್ಕಿತು ಅನ್ನಿಸಿತ್ತು. ಅವರು ಯಾಕೆ ಮೈಕ್ ಬಿಚ್ಚುವ ತನಕ ಕಾದರು ಅನ್ನುವ ಪ್ರಶ್ನೆ ತಲೆಗೇ ಬರಲಿಲ್ಲ.

ಸಮ್ಮರಿ ಪರಿಶೀಲನೆಗೆ ಮನೆಗೆ ಹೋಗುತ್ತದೆ. ರಿಲೀಸ್ ಫಾರ್ಮಿನಲ್ಲಿ, ಅಂದರೆ ಸಂದರ್ಶನ ಬಳಸಲು ಸಹಿ ಹಾಕಿ ಕೊಡುವ ಒಪ್ಪಿಗೆ ಪತ್ರದಲ್ಲಿ, ಅವರು ಕೊಟ್ಟಿದ್ದು ಮಗನ ಮೇಲ್ ಐಡಿ. ಅವರಿಗೆ ಕಣ್ಣು ಮಂಜು, ಸಣ್ಣ ಅಕ್ಷರ ಓದಲು ಆಗುವುದಿಲ್ಲ. ಮಗ ರಾತ್ರಿ ಪಕ್ಕದಲ್ಲಿ ಕೂತು ಜೋರಾಗಿ ಓದಿ ಹೇಳಿದ್ದಾರೆ. ಮೂರನೇ ಪ್ಯಾರಾ ತನಕ.

ಮಾರನೇ ದಿನ ಬೆಳಗ್ಗೆ ಆ ಫೋನ್ ಬಂತು. "ಅಮ್ಮ ನಿನ್ನೆ ರಾತ್ರಿಯಿಂದ ಮಾತಾಡ್ತಿಲ್ಲ. ಇದು ನಿಜಾನಾ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಹೌದು ಅಂದರೆ ಅವರಮ್ಮನ ಗುಟ್ಟನ್ನು ನಾನೇ ಇನ್ನೊಂದು ಸಲ ಒಪ್ಪಿಸಿದ ಹಾಗೆ. ಇಲ್ಲ ಅಂದರೆ ಸುಳ್ಳು. "ಅದರ ಬಗ್ಗೆ ಮಾತಾಡಬೇಕಾದವರು ಅಮ್ಮ, ನಾನಲ್ಲ. ಬರೆದದ್ದು ನನ್ನ ತಪ್ಪು" ಅಂತ ಹೇಳಬಹುದಿತ್ತು. ಈ ಮಾತು ನನಗೆ ಹೊಳೆದದ್ದು ಆ ಸಂಜೆ. ಫೋನಿನಲ್ಲಿ ನನ್ನ ಬಾಯಿಂದ ಬಂದದ್ದು ಬೇರೆ. "ಅವರೇ ಹೇಳಿದ್ದು ಸರ್."

ನನ್ನನ್ನು ಉಳಿಸಿಕೊಳ್ಳಲು ಆಡಿದ ಮಾತು ಅದು. ನಾನು ಕಟ್ಟಿ ಬರೆದಿಲ್ಲ ಅಂತ ತೋರಿಸಬೇಕಿತ್ತು. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ "ಸರಿ ಮೇಡಂ" ಅಂದು ಇಟ್ಟರು.

ಮ್ಯಾನೇಜರ್ ಹತ್ತಿರ ಹೋದೆ. ಅವರು ರಿಲೀಸ್ ಫಾರ್ಮ್ ತೆಗೆದು, 'ಸಂದರ್ಶನದ ಸಂದರ್ಭದಲ್ಲಿ ಹಂಚಿಕೊಂಡ ಮಾಹಿತಿ' ಅನ್ನುವ ಸಾಲಿಗೆ ಬೆರಳಿಟ್ಟು, "ನಾವು ಸೇಫ್" ಅಂದರು. ನಾವು ಸೇಫ್ ಆಗಿದ್ದೇವಾ ಅಂತ ನಾನು ಕೇಳಿಯೇ ಇರಲಿಲ್ಲ. ಆ ಸಾಲನ್ನು ಬರೆದವರು ಬಾಗಿಲ ಹತ್ತಿರ ನಿಂತು ಯಾರ ಮಾತನ್ನೂ ಕೇಳಿದವರಲ್ಲ ಅಂತ ಅನ್ನಿಸಿತು. ಸಮ್ಮರಿಯನ್ನು ಸಿಸ್ಟಮ್‌ನಿಂದ ತೆಗೆಸಲು ನಾಲ್ಕು ದಿನ ಹಿಡಿಯಿತು.

ಐದನೇ ದಿನ ರಜೆ ಹಾಕಿ, ಕೇಳಿಕೊಂಡು ಅವರ ಮನೆಗೆ ಹೋದೆ. ಮಗ ಬಾಗಿಲು ತೆಗೆದು, ಒಳಗೆ ಕೂರಿಸಿ, ತಾವು ಹೊರಗೆ ಹೋದರು. ನಾನು ಕ್ಷಮೆ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಈ ಸಲ ನಾನೂ ಸುಮ್ನೆ ಕೂತೆ. ಆಮೇಲೆ ಅಂದರು, "ನಿನ್ನ ಹತ್ರ ಹೇಳಿದ್ದು ಕಣಮ್ಮ. ಕಾಗದದ ಹತ್ರ ಹೇಳಲಿಲ್ಲ."

ಸಂದರ್ಶನ ಪೂರ್ತಿ ವಾಪಸ್ ತಗೊಳ್ಳಬಹುದು ಅಂತ ಹೇಳಿದೆ. ಬೇಡ ಅಂದರು. ಆ ಮೂರು ಸಾಲು ತೆಗಿ, ಇಸವಿ ಮಾತ್ರ ಎರಡೂ ಇರಲಿ ಅಂದರು. ಮಗನ ಜೊತೆ ಏನು ಮಾತಾಯಿತು ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಈಗ ಸ್ಟಾಪ್ ಒತ್ತಿದ ಮೇಲೆ ಯಾರಾದರೂ ಮಾತು ಶುರು ಮಾಡಿದರೆ, ನಾನು ಪೆನ್ನು ಮುಚ್ಚಿ ಕೇಳುತ್ತೇನೆ. ಮುಗಿದ ಮೇಲೆ ಒಂದೇ ಪ್ರಶ್ನೆ, "ಇದು ನನ್ನ ಹತ್ರಾನೇ ಇರಲಾ?" ಹೆಚ್ಚಿನವರು ಹೌದು ಅನ್ನುತ್ತಾರೆ. ಒಳ್ಳೆಯ ಕಥೆಗಳು ಸಂಗ್ರಹಕ್ಕೆ ಬರದೆ ಹೋಗಿವೆ, ಅದಕ್ಕೆ ಬೈಸಿಕೊಂಡೂ ಇದ್ದೇನೆ. ಸಮ್ಮರಿಯನ್ನು ಬೇರೆಯವರ ಮೇಲ್‌ಗೆ ಕಳಿಸುವ ಬದಲು ಫೋನಿನಲ್ಲಿ ನಾನೇ ಓದಿ ಹೇಳುತ್ತೇನೆ. ಕೈಯಲ್ಲಿ ಏನಾದರೂ ಹಿಡಿದುಕೊಂಡಿದ್ದರೆ ಇಟ್ಟುಬಿಡಿ ಅನ್ನುವುದಿಲ್ಲ, ಮೈಕನ್ನೇ ಸ್ವಲ್ಪ ಮೇಲೆ ಸಿಕ್ಕಿಸುತ್ತೇನೆ.

ಇಸವಿಗೆ ಈಗಲೂ ಒಂದೇ ಕಾಲಂ. ಮೂರು ಸಲ ಮೇಲ್ ಹಾಕಿದೆ, ಮುಂದಿನ ಅಪ್‌ಡೇಟಿನಲ್ಲಿ ನೋಡುತ್ತೇವೆ ಅಂದಿದ್ದಾರೆ. ಅಲ್ಲಿಯ ತನಕ ಆ ಅಮ್ಮನ ಫೈಲಿನಲ್ಲಿ ಆ ಕಾಲಂನಲ್ಲಿ 1971 ಇದೆ. 1974 ಅನ್ನು ಷರಾ ಜಾಗದಲ್ಲಿ ಬರೆದಿದ್ದೇನೆ, 'ಎರಡನೇ ಸಲ ಬಂದ ವರ್ಷ' ಅಂತ.