ಪೊಲೀಸರು ಸುಮ್ನೆ ಹಿಡೀತಾರಾ?

ಮದುವೆ ಮನೆ, ಕೊಪ್ಪದ ಬಸ್ಸು, ಅಡಿಕೆ ಮಂಡಿ, ಎಲ್ಲಿ ಹೋದರೂ ನಾನು ಆರೋಪಿಗಳ ಪರ ನಿಲ್ಲುವ ವಕೀಲ ಅಂತ ಗೊತ್ತಾದ ಕೂಡಲೇ ಇದೊಂದೇ ಪ್ರಶ್ನೆ: "ತಪ್ಪು ಮಾಡದವರನ್ನ ಪೊಲೀಸರು ಸುಮ್ನೆ ಹಿಡೀತಾರಾ?" ಹೇಳಿ ಹೇಳಿ ಬಾಯಿ ಸೋತಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಹಿಡೀತಾರೆ. ಆಯ್ತಾ?

ಮೊನ್ನೆ ತೀರ್ಥಹಳ್ಳಿ ಕಡೆ ಒಂದು ಮದುವೆ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಮಾವ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಬೆಂಕಿ ಇಲ್ದೆ ಹೊಗೆ ಆಡ್ತದಾ ಮಾರಾಯ" ಅಂದರು. "ಮಳೆಗಾಲದಲ್ಲಿ ನಿಮ್ಮ ಬಚ್ಚಲೊಲೆಗೆ ಹಸಿ ಸೌದೆ ತುರುಕಿ ನೋಡಿ ಮಾವ" ಅಂದೆ. ಎದುರಿನವರು ನಕ್ಕರು, ಮಾವ ನಗಲಿಲ್ಲ. ಸುಮ್ಮನಿರಬಹುದಿತ್ತು ನಾನು. ಅವರ ಮನೆ ಆಸ್ತಿ ಪಾಲಿನ ಕಾಗದ ನನ್ನ ಹತ್ತಿರವೇ ಇದೆ.

ಕೊಡಗಿನ ಕೇಸು ಹೇಳಿದೆ. ಹೆಂಡತಿ ಕಾಣ್ತಿಲ್ಲ ಅಂತ ಠಾಣೆಗೆ ಹೋಗಿದ್ದೇ ಗಂಡ. ಬೆಟ್ಟದಪುರದ ಹತ್ತಿರ ಸಿಕ್ಕ ಅಸ್ಥಿಪಂಜರ ಅವಳದೇ ಅಂತ ಅವನ ಮೇಲೇ ಕೊಲೆ ಕೇಸು ಹಾಕಿದರು. ಒಂದೂವರೆ ವರ್ಷಕ್ಕೂ ಜಾಸ್ತಿ ಜೈಲು. 2025ರ ಏಪ್ರಿಲ್ 1ಕ್ಕೆ ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತ ಸಿಕ್ಕಳು. ತಾರೀಖು ನೋಡಿ, ನಾನು ಕಟ್ಟಿದ ಕಥೆ ಅಲ್ಲ.

"ಅದೊಂದು ಕೇಸು ಬಿಡು" ಅಂದರು ಮಾವ.

ಒಂದಲ್ಲ. ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಕೊಲೆ ಕೇಸಿನಲ್ಲಿ ಆರು ಜನರಿಗೆ ಸುಪ್ರೀಂ ಕೋರ್ಟ್ 2009ರಲ್ಲಿ ಗಲ್ಲು ಅಂದಿತ್ತು. 2019ರಲ್ಲಿ ಅದೇ ಕೋರ್ಟು ಆರೂ ಜನರನ್ನು ಬಿಟ್ಟು, ತಲಾ 5 ಲಕ್ಷ ಪರಿಹಾರ ಕೊಡಿ ಅಂದಿತು. ಯಾಕೆ ಗೊತ್ತಾ? ಬದುಕುಳಿದ ಸಾಕ್ಷಿ ಪೊಲೀಸರು ತೋರಿಸಿದ ಫೋಟೋಗಳಲ್ಲಿ ಬೇರೆಯೇ ನಾಲ್ವರನ್ನು ಗುರುತಿಸಿದ್ದರು. ಕೇಸು ನಡೆಸಿದವರು ಆ ಸಂಗತಿಯನ್ನೇ ಮುಚ್ಚಿಟ್ಟಿದ್ದರು.

ಹೌದು, ನನ್ನ ಕಕ್ಷಿದಾರರಲ್ಲಿ ನಿಜವಾದ ಕಳ್ಳರೂ ಇದ್ದಾರೆ. ಫೀಸು ಸರಿಯಾಗಿ ಕೊಡೋರು ಅವರೇ. ಆದರೆ ಯಾರಾದರೂ ಒಮ್ಮೆಯಾದರೂ "ಫೈಲಲ್ಲಿ ಏನು ಇಲ್ಲ?" ಅಂತ ಕೇಳಬಾರದಾ? ಚಾರ್ಜ್‌ಶೀಟಿನಲ್ಲಿ ಇರೋದನ್ನ ಎಲ್ಲರೂ ಓದುತ್ತಾರೆ. ಪೊಲೀಸರು ವಶಪಡಿಸಿಕೊಂಡು, ತಮಗೆ ಬೇಡ ಅಂತ ಪಕ್ಕಕ್ಕಿಟ್ಟ ದಾಖಲೆಗಳ ಪಟ್ಟಿಯನ್ನೂ ಆರೋಪಿಗೆ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾದರೆ 2021 ಬರಬೇಕಾಯಿತು. ಸರ್ಕಾರಿ ವಕೀಲರ ಕೆಲಸ ಹೇಗಾದರೂ ಶಿಕ್ಷೆ ಕೊಡಿಸೋದಲ್ಲ, ಸತ್ಯ ಕೋರ್ಟಿನ ಮುಂದಿಡೋದು. ಇದನ್ನೂ ಕೋರ್ಟುಗಳು ಹೇಳಿ ಹೇಳಿ ಸುಸ್ತಾಗಿವೆ. ನನ್ನ ಹಾಗೇ.

ನನ್ನದೇ ಒಂದು ಹಳೇ ಕೇಸು. ಅಟ್ಟದಿಂದ ಕೆಂಪಡಿಕೆ ಕಳ್ಳತನ, ಆರೋಪಿ ಕೂಲಿಗೆ ಬಂದ ಹುಡುಗ. ಮಹಜರು ಅಂದರೆ ಪಂಚರೆಂಬ ಸಾಕ್ಷಿಗಳ ಮುಂದೆ ಪೊಲೀಸರು ಸ್ಥಳದಲ್ಲೇ ಬರೆಯಬೇಕಾದ ಕಾಗದ. ಅದರ ಪ್ರಕಾರ ಜುಲೈ ತಿಂಗಳ ಸಂಜೆ ನಾಲ್ಕಕ್ಕೆ ಅವನೇ ತೋಟಕ್ಕೆ ಕರೆದುಕೊಂಡು ಹೋಗಿ, ಬಾಳೆ ಬುಡದಲ್ಲಿ ಮುಚ್ಚಿಟ್ಟ ಮೂಟೆ ತೋರಿಸಿದ. ಜುಲೈಯಲ್ಲಿ! ಒಣಗಿದ ಅಡಿಕೆ ಹೊರಗಿಟ್ಟರೆ ಬೂಷ್ಟು ಹಿಡಿಯುತ್ತೆ ಅನ್ನೋದು ಮಲೆನಾಡಿನ ಕಳ್ಳನಿಗೂ ಗೊತ್ತಿಲ್ವಾ? ಸ್ಥಳದಲ್ಲೇ ಬರೆದದ್ದು ಅಂತಿದ್ದ ಆ ಕಾಗದ ನೋಡಿದೆ. ಶಾಯಿ ಪೆನ್ನಿನ ಬರಹ, ಮುತ್ತಿನಂಥ ಅಕ್ಷರ. ಒಂದು ಹನಿ ಬಿದ್ದ ಗುರುತಿಲ್ಲ.

ಪಾಟಿ ಸವಾಲಿನಲ್ಲಿ ಪಂಚನನ್ನು ಕೇಳಿದೆ, "ಬರೆಯುವಾಗ ಕೊಡೆ ಹಿಡಿದಿದ್ದು ಯಾರು?"

"ಕೊಡೆ ಯಾಕೆ ಸ್ವಾಮಿ? ಠಾಣೆ ಒಳಗೇ ಅಲ್ವಾ ಸೈನ್ ಹಾಕಿದ್ದು?"

ಹುಡುಗ ಬಿಡುಗಡೆಯಾದ. ಅಷ್ಟರಲ್ಲಿ ಮೂರು ವರ್ಷ, ಬೇಲ್ ಸಿಗುವ ಮೊದಲು ಐದು ತಿಂಗಳು ಜೈಲು. ಅವನನ್ನು ಆಮೇಲೆ ಆ ಊರಲ್ಲಿ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಬೆಂಕಿ ಇಲ್ದೆ ಹೊಗೆ ಆಡ್ತದಾ ಅಂದಿರಬೇಕು.

ಇದನ್ನೂ ಹೇಳಿದೆ. ಮಜ್ಜಿಗೆ ಬರುವ ತನಕ ಮಾವ ಮಾತಾಡಲಿಲ್ಲ. ಆಮೇಲೆ ನಿಧಾನಕ್ಕೆ ಕೇಳಿದರು, "ಹಾಗಾದ್ರೆ ಆ ಅಡಿಕೆ ಕದ್ದಿದ್ದು ಯಾರೋ?"

ಅವತ್ತು ಇಡೀ ಮದುವೆ ಮನೆಯಲ್ಲಿ ಕೇಳಿದ ಒಳ್ಳೆ ಪ್ರಶ್ನೆ ಅದೊಂದೇ.

"ಗೊತ್ತಿಲ್ಲ ಮಾವ" ಅಂದೆ. "ಹುಡುಗ ಸಿಕ್ಕಿದ ಮೇಲೆ ಯಾರೂ ಹುಡುಕಲೇ ಇಲ್ಲ."