15 ಅಡಿಯ ಗೆರೆ ಮತ್ತು ಕ್ಯಾನ್ಸಸ್ ತಂಡ

ನಮ್ಮ ಕಾಲೇಜು ಮುಗಿಸಿ ಎಂ.ಎಸ್. ಮಾಡಲು ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯ ಸೇರಿದವರು ಕೆಲವರಿದ್ದೇವೆ. ವರ್ಷ ಬೇರೆ, ವಿಭಾಗ ಬೇರೆ. ಆದರೆ ಒಟ್ಟಿಗೆ ಕೂತರೆ ಮಾತು ಹೋಗಿ ನಿಲ್ಲುವುದು ಅಲ್ಲಿನ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡದ ಹತ್ತಿರವೇ. ಈ ಸಂಚಿಕೆಗೆ ನೆನಪಿನ ಬರಹ ಬೇಕೆಂದು ಕೇಳಿದಾಗ, ನಮ್ಮ ಕಥೆಗಿಂತ ಆ ತಂಡದ ಕಥೆ ಬರೆಯುವುದೇ ಮೇಲು ಅನ್ನಿಸಿತು. ಕಾಲೇಜಿನ ಸಿಮೆಂಟ್ ಕೋರ್ಟಿನಲ್ಲಿ ಸಂಜೆ ಆಡುವ ಹುಡುಗರಿಗೆ ಇದರಲ್ಲಿ ಕಲಿಯುವುದಿದೆ, ಮುಖ್ಯವಾಗಿ ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಬದಲಾಗಿ ಸಿಗುವ, ಯಾರೂ ಅಡ್ಡ ಬರದ ಎಸೆತ) ವಿಷಯದಲ್ಲಿ. ಆ ತಂಡದ ದೊಡ್ಡ ಫೈನಲ್‌ಗಳನ್ನು ಬಿಡಿಸಿ ನೋಡಿದರೆ, ಸೋಲು ಗೆಲುವು ತೀರ್ಮಾನವಾದದ್ದು ಹೆಚ್ಚಾಗಿ 15 ಅಡಿ ದೂರದ ಆ ಗೆರೆಯ ಮೇಲೆಯೇ.

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರ್‌ನಲ್ಲಿ, ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲು ಒಂದು ಆಟ ಬೇಕೆಂದು ಜೇಮ್ಸ್ ನೈಸ್ಮಿತ್ ಇದನ್ನು ಕಟ್ಟಿದರು. ಪೀಚ್ ಹಣ್ಣಿನ ಬುಟ್ಟಿಗಳನ್ನು ಹೊಡೆಸಿದ್ದು ಜಿಮ್ನಾಷಿಯಂನ ಬಾಲ್ಕನಿಯ ಕಟಕಟೆಗೆ. ಆ ಕಟಕಟೆ 10 ಅಡಿ ಎತ್ತರದಲ್ಲಿತ್ತು, ಅದಕ್ಕೇ ಇವತ್ತಿಗೂ ರಿಂಗು 10 ಅಡಿಯಲ್ಲಿದೆ. ಅವರು ಬರೆದ 13 ನಿಯಮಗಳಲ್ಲಿ ಫ್ರೀ ಥ್ರೋ ಇರಲೇ ಇಲ್ಲ. ಎದುರಾಳಿ ಒಂದೂ ಫೌಲ್ ಮಾಡದಿರುವಾಗ ಒಂದು ತಂಡ ಸಾಲಾಗಿ ಮೂರು ಫೌಲ್ ಮಾಡಿದರೆ ಎದುರಾಳಿಗೆ ಒಂದು ಗೋಲು, ಅಷ್ಟೇ. ಗೆರೆಯ ಮೇಲೆ ಒಬ್ಬನೇ ನಿಂತು ಎಸೆಯುವ ಪದ್ಧತಿ ಆಮೇಲೆ ಸೇರಿದ್ದು.

ನೈಸ್ಮಿತ್ 1898ರಲ್ಲಿ ಲಾರೆನ್ಸ್ ಊರಿನ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಬಂದರು. ಪ್ರಾರ್ಥನಾ ಮಂದಿರದ ಉಸ್ತುವಾರಿ ಮತ್ತು ದೈಹಿಕ ಶಿಕ್ಷಣ, ಎರಡೂ ಅವರ ಕೆಲಸ. ತಂಡದ ಮೊದಲ ಪಂದ್ಯ 1899ರ ಫೆಬ್ರವರಿಯಲ್ಲಿ ಕ್ಯಾನ್ಸಸ್ ಸಿಟಿಯ ವೈ.ಎಂ.ಸಿ.ಎ. ವಿರುದ್ಧ ನಡೆದು 16-5ರಿಂದ ಸೋತಿತು. ಕೋಚ್ ಆಗಿ ನೈಸ್ಮಿತ್ ಗೆದ್ದದ್ದು 55, ಸೋತದ್ದು 60. ಕ್ಯಾನ್ಸಸ್ ತಂಡದ ಕೋಚ್‌ಗಳಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವುದು ಆಟ ಕಂಡುಹಿಡಿದ ಇವರೊಬ್ಬರದೇ. ಅವರಿಗೆ ಇದು ಮೈಗೂ ಮನಸ್ಸಿಗೂ ಒಳ್ಳೆಯದಾದ ವ್ಯಾಯಾಮ. ಇದಕ್ಕೆ ತರಬೇತಿ ಅಂತ ಒಂದು ವಿದ್ಯೆ ಬೇಕೆಂದು ಅವರಿಗೆ ಅನ್ನಿಸಿರಲಿಲ್ಲ.

ಅನ್ನಿಸಿದ್ದು ಅವರ ಕೈಕೆಳಗೆ ಆಡಿದ ಫಾರೆಸ್ಟ್ 'ಫಾಗ್' ಅಲೆನ್‌ಗೆ. 1907ರಿಂದ ಎರಡು ವರ್ಷ, ಮತ್ತೆ 1919ರಿಂದ 1956ರವರೆಗೆ ಅಲೆನ್ ಕೋಚ್ ಆಗಿದ್ದು 590 ಪಂದ್ಯ ಗೆಲ್ಲಿಸಿದರು. ಅವರು ಆಸ್ಟಿಯೋಪಥಿ ಓದಿದ ವೈದ್ಯರು, ಹುಡುಗರ ಉಳುಕು ನೋವುಗಳನ್ನು ತಾವೇ ನೋಡಿಕೊಳ್ಳುತ್ತಿದ್ದರು. ಆಟವನ್ನು ಪಾಠದಂತೆ ಕಲಿಸಬಹುದೆಂದು ತೋರಿಸಿಕೊಟ್ಟವರು ಅವರೇ. ಅವರ ಬೆಂಚಿನಲ್ಲಿ ಹೆಚ್ಚು ಆಡಲು ಸಿಗದೆ ಕೂತಿದ್ದ ಇಬ್ಬರು ಮುಂದೆ ಏನಾದರು ನೋಡಿ: ಅಡಾಲ್ಫ್ ರಪ್ ಕೆಂಟಕಿ ವಿಶ್ವವಿದ್ಯಾಲಯಕ್ಕೆ ಹೋಗಿ ಕೋಚ್ ಆಗಿ 876 ಪಂದ್ಯ ಗೆದ್ದರು, ಡೀನ್ ಸ್ಮಿತ್ ನಾರ್ತ್ ಕೆರೊಲಿನಾಗೆ ಹೋಗಿ 879 ಗೆದ್ದರು. 1952ರಲ್ಲಿ ಸಿಯಾಟಲ್‌ನಲ್ಲಿ ಸೇಂಟ್ ಜಾನ್ಸ್ ತಂಡವನ್ನು 80-63ರಿಂದ ಸೋಲಿಸಿ ಕ್ಯಾನ್ಸಸ್ ಮೊದಲ ಎನ್.ಸಿ.ಎ.ಎ. (ಅಮೆರಿಕದ ಕಾಲೇಜುಗಳ ರಾಷ್ಟ್ರೀಯ ಪಂದ್ಯಾವಳಿ) ಪ್ರಶಸ್ತಿ ಪಡೆಯಿತು. ಫೈನಲ್‌ನಲ್ಲಿ ಕ್ಲೈಡ್ ಲವೆಲೆಟ್ 33 ಅಂಕ ಹಾಕಿದರು. ಆ ವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿ ಏಳು ಮಂದಿ ಕ್ಯಾನ್ಸಸ್‌ನವರು. ಮರುವರ್ಷದ ಫೈನಲ್‌ನಲ್ಲಿ ಇಂಡಿಯಾನಾ 69-68ರಿಂದ ಗೆದ್ದಿತು. ಆ ಒಂದು ಅಂಕದ ಅಂತರ ಬಂದದ್ದು ಕೊನೆಯ ಅರ್ಧ ನಿಮಿಷದೊಳಗೆ ಬಿದ್ದ ಒಂದು ಫ್ರೀ ಥ್ರೋದಿಂದ.

ಈ ಹೆಸರುಗಳ ಸಾಲಿನಲ್ಲಿ ಮೊದಲು ಬರಬೇಕಾದ ಒಬ್ಬರಿಗೆ ಆ ತಂಡದ ಅಂಗಿ ತೊಡುವ ಅವಕಾಶವನ್ನೇ ಕೊಡಲಿಲ್ಲ. ಜಾನ್ ಮೆಕ್ಲೆಂಡನ್ 1933ರಲ್ಲಿ ದೈಹಿಕ ಶಿಕ್ಷಣ ಓದಲು ಬಂದರು. ಕಪ್ಪು ವಿದ್ಯಾರ್ಥಿಗಳನ್ನು ಆಗ ತಂಡಕ್ಕೆ ಸೇರಿಸುತ್ತಿರಲಿಲ್ಲ. ನೈಸ್ಮಿತ್ ಅವರನ್ನು ಶಿಷ್ಯನನ್ನಾಗಿ ಮಾಡಿಕೊಂಡು ಆಟದ ಒಳಗುಟ್ಟು ಕಲಿಸಿದರು. ಪದವಿ ಮುಗಿಸಿ ನಾರ್ತ್ ಕೆರೊಲಿನಾ ರಾಜ್ಯಕ್ಕೆ ಹೋದ ಮೆಕ್ಲೆಂಡನ್ ಕಟ್ಟಿದ್ದು ಓಟದ ಆಟ: ರೀಬೌಂಡ್ (ರಿಂಗಿಗೆ ಬೀಳದೆ ಚಿಮ್ಮಿ ಬಂದ ಚೆಂಡು) ಕೈಗೆ ಬಂದ ಕೂಡಲೇ ಪಕ್ಕದ ಗೆರೆಯತ್ತ ಪಾಸ್, ಅಲ್ಲಿಂದ ಮೂವರು ಮೂರು ಸಾಲಿನಲ್ಲಿ ರಿಂಗಿನ ಕಡೆಗೆ ಓಟ, ಎದುರಾಳಿ ಚೆಂಡು ಹಿಡಿದರೆ ಪೂರ್ತಿ ಕೋರ್ಟಿನಲ್ಲಿ ಬೆನ್ನು ಬಿಡದ ಕಾವಲು. 1944ರ ಮಾರ್ಚ್‌ನ ಒಂದು ಭಾನುವಾರ ಬೆಳಗ್ಗೆ, ಊರಿನವರು ಚರ್ಚಿನಲ್ಲಿದ್ದ ಹೊತ್ತಿನಲ್ಲಿ, ಬಾಗಿಲು ಹಾಕಿದ ಜಿಮ್‌ನಲ್ಲಿ ಅವರ ತಂಡ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯ ಬಿಳಿಯರ ತಂಡದ ಜೊತೆ ಗುಟ್ಟಾಗಿ ಆಡಿ 88-44ರಿಂದ ಗೆದ್ದಿತು. ಕಪ್ಪು-ಬಿಳಿ ಒಟ್ಟಿಗೆ ಆಡುವುದಕ್ಕೆ ಅಲ್ಲಿ ಬಿಡುತ್ತಿರಲಿಲ್ಲ. ಕ್ಯಾನ್ಸಸ್‌ನ ಇತಿಹಾಸ ಹೇಳುವಾಗ ಪ್ರಶಸ್ತಿಗಳಿಗಿಂತ ಮೊದಲು ಇದನ್ನು ಹೇಳಬೇಕೆಂಬುದು ನಮ್ಮ ಅಭಿಪ್ರಾಯ.

ಈಗಿನ ಕ್ರೀಡಾಂಗಣ ಅಲೆನ್ ಫೀಲ್ಡ್‌ಹೌಸ್ ಶುರುವಾದದ್ದು 1955ರ ಮಾರ್ಚ್ 1ರಂದು, ಕ್ಯಾನ್ಸಸ್ ಸ್ಟೇಟ್ ವಿರುದ್ಧ 77-67ರ ಗೆಲುವಿನೊಂದಿಗೆ. 2024ರ ನವೀಕರಣದವರೆಗೆ 16,300 ಮಂದಿ ಹಿಡಿಯುತ್ತಿತ್ತು. ವಿದ್ಯಾರ್ಥಿಗಳಿಗೆ ಒಳ್ಳೆಯ ಜಾಗ ಬೇಕೆಂದರೆ ಗುಂಪು ಕಟ್ಟಿ ಹೆಸರು ಬರೆಸಬೇಕು. ಲಾಟರಿಯಲ್ಲಿ ಬಂದ ನಂಬರ್ ಪ್ರಕಾರ ಒಳಗೆ ಬಿಡುತ್ತಾರೆ. ಅಲ್ಲಿಯವರೆಗೆ ಗುಂಪಿನ ಒಬ್ಬರಾದರೂ ಪಾಳಿಯಲ್ಲಿ ಅಲ್ಲೇ ಇರಬೇಕು, ಹೆಸರು ಕೂಗಿದಾಗ ಯಾರೂ ಇಲ್ಲದಿದ್ದರೆ ಗುಂಪೇ ಪಟ್ಟಿಯಿಂದ ಹೊರಗೆ. ಎದುರಾಳಿ ಆಟಗಾರರ ಪರಿಚಯ ನಡೆಯುವಾಗ ವಿದ್ಯಾರ್ಥಿಗಳು ಮುಖಕ್ಕೆ ದಿನಪತ್ರಿಕೆ ಹಿಡಿದು ಓದುತ್ತಾ ನಿಲ್ಲುತ್ತಾರೆ. ನಮ್ಮ ತಂಡ ಬಂದೊಡನೆ ಆ ಪತ್ರಿಕೆಗಳೇ ಚೂರು ಚೂರಾಗಿ ಗಾಳಿಗೆ ಹಾರುತ್ತವೆ. ಎದುರಾಳಿ ಫ್ರೀ ಥ್ರೋಗೆ ನಿಂತಾಗ ರಿಂಗಿನ ಹಿಂದಿನ ವಿದ್ಯಾರ್ಥಿಗಳ ಕೂಗು ಕಿವಿ ಗಡಚಿಕ್ಕುತ್ತದೆ. 2017ರ ಫೆಬ್ರವರಿ 13ರಂದು ವೆಸ್ಟ್ ವರ್ಜೀನಿಯಾ ವಿರುದ್ಧದ ಪಂದ್ಯದಲ್ಲಿ ಅಳೆದ ಸದ್ದು 130.4 ಡೆಸಿಬಲ್, ಆಗ ಅದು ಒಳಾಂಗಣ ಆಟಗಳ ಗಿನ್ನೆಸ್ ದಾಖಲೆ. ಅದೇ ಪಂದ್ಯದಲ್ಲಿ ಮೂರು ನಿಮಿಷಕ್ಕಿಂತ ಕಡಿಮೆ ಇದ್ದಾಗ 14 ಅಂಕ ಹಿಂದಿದ್ದ ಕ್ಯಾನ್ಸಸ್ ಓವರ್‌ಟೈಮ್‌ನಲ್ಲಿ 84-80ರಿಂದ ಗೆದ್ದಿತು.

ಆ ಅಂಗಳದಲ್ಲಿ ಆಡಿದವರಲ್ಲಿ ಎಲ್ಲರಿಗಿಂತ ಎತ್ತರದ ಹೆಸರು ವಿಲ್ಟ್ ಚೇಂಬರ್ಲಿನ್. 1956ರ ಡಿಸೆಂಬರ್ 3ರಂದು ಮುಖ್ಯ ತಂಡದ ಪರ ಮೊದಲ ಪಂದ್ಯದಲ್ಲೇ 52 ಅಂಕ, 31 ರೀಬೌಂಡ್. ಅಲೆನ್‌ಗೆ 70 ತುಂಬಿ ನಿಯಮದಂತೆ ನಿವೃತ್ತಿಯಾಗಿತ್ತು, ವಿಲ್ಟ್‌ಗೆ ಆಟ ಹೇಳಿಕೊಟ್ಟದ್ದು ಡಿಕ್ ಹಾರ್ಪ್. ರಿಂಗಿನ ಮುಂದಿನ ಡಿ ಜಾಗವನ್ನು ಕಾಲೇಜು ಆಟದಲ್ಲಿ 6 ಅಡಿಯಿಂದ 12 ಅಡಿಗೆ ಅಗಲ ಮಾಡಿದ್ದೂ ಆ ಹೊತ್ತಿಗೇ. ಎತ್ತರದವನು ರಿಂಗಿನ ಬುಡದಲ್ಲೇ ಬೇರು ಬಿಟ್ಟು ನಿಲ್ಲಬಾರದೆಂದು. 1957ರ ಫೈನಲ್‌ನಲ್ಲಿ ಎದುರಿಗಿದ್ದದ್ದು ಅಜೇಯ ನಾರ್ತ್ ಕೆರೊಲಿನಾ, ಹಿಂದಿನ ರಾತ್ರಿಯಷ್ಟೇ ಮೂರು ಓವರ್‌ಟೈಮ್ ಆಡಿ ಬಂದಿತ್ತು. ಅವರ ಕೋಚ್ ಮೊದಲ ಜಂಪ್ ಬಾಲ್‌ಗೆ (ಆಟ ಶುರುಮಾಡಲು ರೆಫರಿ ಇಬ್ಬರ ನಡುವೆ ಮೇಲಕ್ಕೆಸೆಯುವ ಚೆಂಡು) ಏಳು ಅಡಿಯ ವಿಲ್ಟ್ ಎದುರು ನಿಲ್ಲಿಸಿದ್ದು ಟಾಮಿ ಕರ್ನ್ಸ್ ಎಂಬ ಆರಡಿಗೂ ಕಡಿಮೆ ಎತ್ತರದ ಹುಡುಗನನ್ನು. ಹೇಗೂ ಆ ಚೆಂಡು ವಿಲ್ಟ್‌ಗೇ ಹೋಗುವುದು, ಅದಕ್ಕೆ ಎತ್ತರದ ಆಟಗಾರನನ್ನು ಯಾಕೆ ಕೆಡಿಸಬೇಕೆಂಬ ಲೆಕ್ಕ. ನಿಗದಿತ ಸಮಯ ಮುಗಿದಾಗ 46-46. ಮೊದಲ ಓವರ್‌ಟೈಮ್ ಬಳಿಕ 48-48. ಶಾಟ್ ಕ್ಲಾಕ್ ಇಲ್ಲದ ಕಾಲ, ಚೆಂಡು ಹಿಡಿದುಕೊಂಡೇ ಇರಬಹುದಿತ್ತು. ಎರಡನೇ ಓವರ್‌ಟೈಮ್‌ನಲ್ಲಿ ಯಾರೂ ಒಂದಂಕವನ್ನೂ ಹಾಕಲಿಲ್ಲ. ಮೂರನೆಯದರಲ್ಲಿ ಆರು ಸೆಕೆಂಡ್ ಉಳಿದಾಗ ಕ್ಯಾನ್ಸಸ್ 53-52ರಿಂದ ಮುಂದಿತ್ತು. ಫೌಲ್ ಆಯಿತು. ನಾರ್ತ್ ಕೆರೊಲಿನಾದ ಜೋ ಕ್ವಿಗ್ ಎರಡು ಫ್ರೀ ಥ್ರೋಗಳನ್ನೂ ಹಾಕಿದ. ಕೊನೆಯಲ್ಲಿ ವಿಲ್ಟ್‌ಗೆ ಬಂದ ಎತ್ತರದ ಪಾಸನ್ನು ತಟ್ಟಿ ಕೆಡಿಸಿದವನೂ ಅವನೇ. 54-53.

ವಿಲ್ಟ್ ಮುಂದೆ ಅಮೆರಿಕದ ವೃತ್ತಿಪರ ಲೀಗ್ ಎನ್.ಬಿ.ಎ.ಯಲ್ಲಿ ಫ್ರೀ ಥ್ರೋಗಳಲ್ಲಿ ಹಾಕಿದ್ದು ನೂರಕ್ಕೆ 51 ಮಾತ್ರ. ಆದರೆ 1962ರಲ್ಲಿ ನೂರು ಅಂಕ ಗಳಿಸಿದ ಪಂದ್ಯದಲ್ಲಿ 32ಕ್ಕೆ 28 ಹಾಕಿದ್ದರು. ಆ ವರ್ಷ ಅವರು ಎರಡೂ ಕೈಯಲ್ಲಿ ಚೆಂಡು ಹಿಡಿದು, ಮಂಡಿಯ ಹತ್ತಿರದಿಂದ ಮೇಲಕ್ಕೆ ತೂಗಿ ಎಸೆಯುತ್ತಿದ್ದರು. ಹಾಗೆ ಎಸೆದ ಚೆಂಡು ಮೆತ್ತಗೆ ಇಳಿಯುತ್ತದೆ, ರಿಂಗಿಗೆ ತಾಗಿದರೂ ದೂರ ಚಿಮ್ಮುವುದಿಲ್ಲ. ನೋಡಲು ಚೆನ್ನಾಗಿಲ್ಲವೆಂದು ಅವರೇ ಅದನ್ನು ಬಿಟ್ಟರು. ಬಿಡಬಾರದಿತ್ತು.

1957ರ ಸೋಲಿನ ಬಳಿಕ ಮೂವತ್ತು ವರ್ಷ ಕ್ಯಾನ್ಸಸ್‌ಗೆ ಪ್ರಶಸ್ತಿ ಬರಲಿಲ್ಲ. 1988ರಲ್ಲಿ 11 ಪಂದ್ಯ ಸೋತಿದ್ದ ತಂಡ ಒಕ್ಲಹೋಮಾವನ್ನು 83-79ರಿಂದ ಸೋಲಿಸಿತು. ಡ್ಯಾನಿ ಮ್ಯಾನಿಂಗ್ 31 ಅಂಕ, 18 ರೀಬೌಂಡ್. ಹಾಫ್ ಟೈಮ್‌ಗೆ 50-50 ಇದ್ದ ಓಟದ ಆಟವನ್ನು ಕೋಚ್ ಲ್ಯಾರಿ ಬ್ರೌನ್ ಎರಡನೇ ಅರ್ಧದಲ್ಲಿ ನಿಧಾನ ಮಾಡಿಸಿದರು. ಕೊನೆಯ ಸೆಕೆಂಡುಗಳಲ್ಲಿ ಮ್ಯಾನಿಂಗ್ ಗೆರೆಯ ಮೇಲೆ ನಿಂತು ಗೆಲುವನ್ನು ಭದ್ರ ಮಾಡಿದರು.

2003ರ ಫೈನಲ್ ಇದಕ್ಕೆ ತದ್ವಿರುದ್ಧ. ಕೋಚ್ ರಾಯ್ ವಿಲಿಯಮ್ಸ್‌ರ ಕ್ಯಾನ್ಸಸ್ ತಂಡ ಸಿರಕ್ಯೂಸ್‌ಗೆ 81-78ರಿಂದ ಸೋತಿತು. ಕೊನೆಯಲ್ಲಿ ಸಿರಕ್ಯೂಸ್‌ನ ಹಕೀಮ್ ವಾರಿಕ್ ತಡೆದ ಥ್ರೀ ಪಾಯಿಂಟರ್ (ಮೂರು ಅಂಕದ ದೂರದ ಎಸೆತ) ಎಲ್ಲರ ಕಣ್ಣಿನಲ್ಲಿ ಉಳಿದಿದೆ. ಆದರೆ ಅಂಕಪಟ್ಟಿ ನೋಡಿ: ಕ್ಯಾನ್ಸಸ್ 30 ಫ್ರೀ ಥ್ರೋಗಳಲ್ಲಿ ಹಾಕಿದ್ದು 12. ಹದಿನೆಂಟು ಕಳೆದುಕೊಂಡು ಮೂರು ಅಂಕದಿಂದ ಸೋತರು.

ಐದು ವರ್ಷದ ನಂತರ ಸ್ಯಾನ್ ಆಂಟೋನಿಯೋದಲ್ಲಿ ಅದೇ ಗೆರೆ ಎದುರಾಳಿಗೆ ಮುಳುವಾಯಿತು. 2 ನಿಮಿಷ 12 ಸೆಕೆಂಡ್ ಇರುವಾಗ ಮೆಂಫಿಸ್ 9 ಅಂಕ ಮುಂದೆ. ಕ್ಯಾನ್ಸಸ್ ಕೋಚ್ ಬಿಲ್ ಸೆಲ್ಫ್‌ರ ಹುಡುಗರು ಫೌಲ್ ಮಾಡಿ ಮಾಡಿ ಗಡಿಯಾರ ನಿಲ್ಲಿಸಿದರು. ಮೆಂಫಿಸ್ ಕೊನೆಯ ಐದು ಫ್ರೀ ಥ್ರೋಗಳಲ್ಲಿ ನಾಲ್ಕನ್ನು ಕಳೆದುಕೊಂಡಿತು. ಆದರೂ 10.8 ಸೆಕೆಂಡ್ ಇರುವಾಗ 63-60, ಮೂರು ಅಂಕ ಮುಂದೆ. ಆಗ ಕ್ಯಾನ್ಸಸ್ ಎಸೆಯುವ ಮೊದಲೇ ಮೆಂಫಿಸ್‌ನವರು ಫೌಲ್ ಮಾಡಿದ್ದರೆ ಕ್ಯಾನ್ಸಸ್‌ಗೆ ಎರಡು ಫ್ರೀ ಥ್ರೋ ಮಾತ್ರ, ಎರಡೂ ಬಿದ್ದರೂ ಸಮ ಆಗುತ್ತಿರಲಿಲ್ಲ. ಫೌಲ್ ಆಗಲಿಲ್ಲ. ಕ್ಯಾನ್ಸಸ್‌ನ ಶೆರಾನ್ ಕಾಲಿನ್ಸ್ ಓಡಿ ಬಂದು, ಬೀಳುವಂತಾಗಿ, ಮಾರಿಯೋ ಚಾಮರ್ಸ್ ಕೈಗೆ ಚೆಂಡು ದಾಟಿಸಿದ. 2.1 ಸೆಕೆಂಡ್ ಉಳಿದಿರುವಾಗ ಚಾಮರ್ಸ್‌ನ ಥ್ರೀ ಬಿತ್ತು. ಓವರ್‌ಟೈಮ್‌ನಲ್ಲಿ 75-68. ಸೆಲ್ಫ್‌ರ ತಂಡ 2022ರಲ್ಲಿ ಮತ್ತೆ ಗೆದ್ದಿತು, ಹಾಫ್ ಟೈಮ್‌ಗೆ 40-25ರಿಂದ ಹಿಂದಿದ್ದು ನಾರ್ತ್ ಕೆರೊಲಿನಾವನ್ನು 72-69ರಿಂದ. ಫೈನಲ್‌ಗಳಲ್ಲಿ ಹಾಫ್ ಟೈಮ್‌ಗೆ ಅಷ್ಟು ಹಿಂದಿದ್ದು ಗೆದ್ದವರು ಬೇರೆ ಇಲ್ಲ. 2018ರ ಸೆಮಿಫೈನಲ್ ಪ್ರವೇಶವನ್ನು ನಿಯಮ ಉಲ್ಲಂಘನೆಯ ವಿಚಾರಣೆಯ ನಂತರ 2023ರಲ್ಲಿ ದಾಖಲೆಯಿಂದ ತೆಗೆದರು. ಅಭಿಮಾನಿಗಳಾದ ನಮಗೆ ಅದು ನೋವಿನ ವಿಷಯ, ಆದರೂ ಇತಿಹಾಸದಲ್ಲಿ ಅದೂ ಸೇರಬೇಕು.

ಈಗ ನಮ್ಮ ಕೋರ್ಟಿಗೆ ಬರೋಣ. ಮೊದಲು ಟೇಪ್ ಹಿಡಿದು ಅಳೆಯಿರಿ. ಫ್ರೀ ಥ್ರೋ ಗೆರೆಯ ದೂರ ಲೆಕ್ಕ ಹಾಕುವುದು ಬೋರ್ಡಿನ ಮುಖದಿಂದ, ರಿಂಗಿನಿಂದಲ್ಲ. ರಿಂಗಿನಿಂದ ಅಳೆದು ಗೆರೆ ಎಳೆದರೆ ಹುಡುಗರು ದೂರದ ಗೆರೆಗೆ ಅಭ್ಯಾಸವಾಗಿ ಹೊರಗಿನ ಪಂದ್ಯದಲ್ಲಿ ಉದ್ದ ಎಸೆಯುತ್ತಾರೆ. ರಿಂಗಿನ ವ್ಯಾಸ 18 ಇಂಚು, ಚೆಂಡಿನದು ಸುಮಾರು ಒಂಬತ್ತೂವರೆ. ಜಾಗ ಧಾರಾಳವಾಗಿದೆ, ಆದರೆ ಚೆಂಡು ಮೇಲಿನಿಂದ ಇಳಿದರೆ ಮಾತ್ರ. ಚಪ್ಪಟೆಯಾಗಿ ಬಂದರೆ ಅದೇ ರಿಂಗು ಕಿರಿದಾಗುತ್ತದೆ. ದಣಿದವರ ಎಸೆತ ಸಾಮಾನ್ಯವಾಗಿ ಮುಂದಿನ ಅಂಚಿಗೆ ತಾಗುವುದು ಕಾಲು ಬಳಸದೆ ಕೈಯಿಂದಲೇ ಎಸೆಯುವುದರಿಂದ. ಆದ್ದರಿಂದ ಆಟದ ಮೊದಲು ಆರಾಮಾಗಿ ನಿಂತು ಐವತ್ತು ಹಾಕುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಕೋರ್ಟಿನ ಈ ತುದಿಯಿಂದ ಆ ತುದಿಗೆ ಎರಡು ಸಲ ಓಡಿ, ಏದುಸಿರು ಬಿಡುತ್ತಿರುವಾಗಲೇ ಎರಡು ಎಸೆಯಿರಿ, ಮತ್ತೆ ಓಡಿ. ಚೆಂಡು ಎಷ್ಟು ಸಲ ಕುಟ್ಟಬೇಕು, ಯಾವಾಗ ಉಸಿರು ಬಿಡಬೇಕು ಎಂಬುದು ಪ್ರತಿ ಸಲವೂ ಒಂದೇ ಇರಲಿ. ಸುತ್ತ ನಿಂತವರು ಕೂಗಲಿ. ಯಾರು ಎಷ್ಟಕ್ಕೆ ಎಷ್ಟು ಹಾಕಿದರೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಪಿ.ಟಿ. ಮೇಷ್ಟ್ರ ಕೈಗೆ ಕೊಡಿ. ಇಂಟರ್ ಕಾಲೇಜು ಪಂದ್ಯದ ಕೊನೆಯ ಎರಡು ನಿಮಿಷಕ್ಕೆ ಯಾರನ್ನು ಆಡಿಸಬೇಕೆಂದು ಅವರು ಆ ಪುಸ್ತಕ ನೋಡಿ ತೀರ್ಮಾನಿಸಲಿ.