ಸಂಸಾರ ಕಲಿಸುವ ನೌಕರಿ

ಊರಿಗೆ ಹೋದಾಗಲೆಲ್ಲ ಕಟ್ಟೆಯ ಮೇಲಿನ ಹಿರಿಯರು ಕೇಳುವುದು ಒಂದೇ ಪ್ರಶ್ನೆ: "ಅಲ್ಲಿ ಏನು ಕಲಿಸುತ್ತೀ ತಂಗೀ?" ಗಣಿತ, ವಿಜ್ಞಾನ ಎಂದಿದ್ದರೆ ತಲೆಯಾಡಿಸಿ ಬಿಡುತ್ತಿದ್ದರು. ಹದಿನೈದು ಹದಿನಾರರ ಮಕ್ಕಳಿಗೆ ಸಂಸಾರದ ತಾಪತ್ರಯ ಹೇಗೆ ನಿಭಾಯಿಸಬೇಕೆಂದು ಕಲಿಸುತ್ತೇನೆ ಎಂದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಅದಕ್ಕೆ ಸಂಬಳವನ್ನೂ ಕೊಡುತ್ತಾರೇನು?" ಎಂದು ನಗುತ್ತಾರೆ. ಕೊಡುತ್ತಾರೆ. ಬಹಳವೇನಲ್ಲ.

ನಾನು ಹಾವೇರಿ ಜಿಲ್ಲೆಯವಳು. ಬ್ಯಾಡಗಿಯ ಹತ್ತಿರದ ಹಳ್ಳಿ. ಓದಿದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ, ಗೃಹ ವಿಜ್ಞಾನ. ಅಡುಗೆ ಕಾಲೇಜಿನವರು ಎಂದು ನಮ್ಮನ್ನು ಚುಡಾಯಿಸುತ್ತಿದ್ದರು. ಈಗ ಆ ವಿಷಯಕ್ಕೆ ಸಮುದಾಯ ವಿಜ್ಞಾನ ಎಂದು ಹೆಸರು ಬದಲಾಗಿದೆ. ಮದುವೆಯಾಗಿ ಅಮೆರಿಕದ ಒಹಾಯೊ ರಾಜ್ಯಕ್ಕೆ ಬಂದು, ಮತ್ತೆ ಓದಿ, ಶಿಕ್ಷಕಿಯ ಪರವಾನಗಿ ಪಡೆದಾಗ ನೋಡಿದರೆ ಇಲ್ಲಿಯೂ ಅದೇ ಕಥೆ: ಹೋಮ್ ಎಕನಾಮಿಕ್ಸ್ ಎಂಬುದು 1990ರ ದಶಕದಲ್ಲಿ ಫ್ಯಾಮಿಲಿ ಅಂಡ್ ಕನ್ಸ್ಯೂಮರ್ ಸೈನ್ಸಸ್ ಆಗಿತ್ತು. ಹೆಸರು ಬದಲಿಸಿದರೆ ಮರ್ಯಾದೆ ಬರುತ್ತದೆಂಬ ನಂಬಿಕೆ ಎರಡೂ ದೇಶಗಳಲ್ಲಿ ಗಟ್ಟಿಯಾಗಿದೆ. ಈ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಮುಖ್ಯರಾದ ಎಲೆನ್ ಸ್ವಾಲೋ ರಿಚರ್ಡ್ಸ್ ಅಮೆರಿಕದ ಹೆಸರಾಂತ ತಂತ್ರಜ್ಞಾನ ಸಂಸ್ಥೆಯಾದ ಎಂಐಟಿಗೆ ಸೇರಿದ ಮೊದಲ ಮಹಿಳೆ, ನೀರಿನ ಶುದ್ಧತೆ ಪರೀಕ್ಷಿಸುತ್ತಿದ್ದ ರಸಾಯನ ವಿಜ್ಞಾನಿ. ಇದನ್ನು ಚುಡಾಯಿಸುವವರಿಗೆ ಹೇಳಬೇಕೆಂದು ಇಟ್ಟುಕೊಂಡಿದ್ದೆ. ಈಗ ಯಾರೂ ಚುಡಾಯಿಸುವುದಿಲ್ಲ.

ಮೊದಲ ವಾರ ಮಕ್ಕಳಿಂದ ಕುಟುಂಬದ ನಕ್ಷೆ ಬರೆಸುತ್ತೇನೆ. ಅಜ್ಜ, ಅಜ್ಜಿ, ಕಾಕಾ, ಅತ್ತೆ ಎಂದು ಕೊಂಬೆ ಬಿಡಿಸಿ ಕಲಿತ ನನಗೆ ಮೊದಲ ವರ್ಷ ತಲೆ ತಿರುಗಿತ್ತು. ಒಬ್ಬ ಹುಡುಗ ಎರಡು ಮನೆ ಬರೆದ, ಎರಡರಲ್ಲೂ ಒಂದೊಂದು ನಾಯಿ. ಒಬ್ಬ ಹುಡುಗಿ ಮಲತಂದೆಯನ್ನು ಬರೆದು, ಅವನು ಬಿಟ್ಟುಹೋದ ಮೇಲೂ ಅವನ ತಾಯಿಯನ್ನು ಅಜ್ಜಿಯೆಂದೇ ಉಳಿಸಿಕೊಂಡಿದ್ದಳು. ಮಾದಕ ಮಾತ್ರೆಗಳ ಹಾವಳಿ ಈ ರಾಜ್ಯದಲ್ಲಿ ಎಷ್ಟೋ ಮನೆಗಳನ್ನು ತಿಂದಿದೆ. ಅಜ್ಜಿಯ ಮಡಿಲಲ್ಲೇ ಬೆಳೆದ ಮಕ್ಕಳು ನನ್ನ ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಇದೆಲ್ಲವನ್ನೂ ಅವರು ಸಂಕೋಚವಿಲ್ಲದೆ ಹೇಳುತ್ತಾರೆ. ಇಷ್ಟು ಸಲೀಸಾಗಿ ಹೇಳುವವರಿಗೆ ಒಳಗೆ ಏನೂ ಉಳಿದಿರಲಿಕ್ಕಿಲ್ಲ ಎಂದುಕೊಂಡೆ. ಅದು ನನ್ನ ಪೆದ್ದುತನ.

ಒತ್ತಡದ ಪಾಠಕ್ಕೆ ಬಂದಾಗ ಒಂದು ಹಳೆಯ ಪಟ್ಟಿ ಹಂಚಿದೆ. 1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಇಬ್ಬರು ಮನೋವೈದ್ಯರು ಮಾಡಿದ್ದು. ಬದುಕಿನ 43 ಘಟನೆಗಳು, ಒಂದೊಂದಕ್ಕೂ ಅಂಕ. ಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73, ಮದುವೆಗೆ 50, ಕ್ರಿಸ್‌ಮಸ್ ಹಬ್ಬಕ್ಕೂ 12. ಒಂದು ವರ್ಷದ ಮೊತ್ತ 300 ದಾಟಿದರೆ ಕಾಯಿಲೆ ಬೀಳುವ ಸಂಭವ ಹೆಚ್ಚು ಎಂಬುದು ಅವರ ಲೆಕ್ಕ. (ಫೋನಿನಲ್ಲಿ ಅವ್ವನಿಗೆ ಓದಿ ಹೇಳಿದಾಗ, "ಮದುವೆಗೆ ಬರೀ ಐವತ್ತೇ?" ಎಂದಳು.) ಮಕ್ಕಳಿಗೆ ಹೊಂದುವ ಹಾಗೆ ಅಲ್ಲಿಲ್ಲಿ ತಿದ್ದಿ, ಕೂಡಿಸಿರೆಂದೆ. ಎರಡು ಮನೆಯ ಹುಡುಗ ಲೆಕ್ಕ ಮುಗಿಸಿ ಕೈಯೆತ್ತಿದ. "ನನ್ನದು 312. ನನಗೆ ಕಾಯಿಲೆ ಯಾವಾಗ ಬರುತ್ತದೆ?" ತಮಾಷೆಗೆ ಕೇಳಿದ್ದಲ್ಲ, ದಿನಾಂಕ ಬರೆದುಕೊಳ್ಳುವವನ ಹಾಗೆ ಪೆನ್ನು ಹಿಡಿದಿದ್ದ.

ಆ ಅಂಕಗಳು ನೂರಾರು ದೊಡ್ಡವರು ಅಂದಾಜಿನಿಂದ ಕೊಟ್ಟಿದ್ದು, ಒಬ್ಬ ಹುಡುಗನ ಭವಿಷ್ಯ ಅದರಲ್ಲಿಲ್ಲ ಎಂದು ಏನೇನೋ ಹೇಳಿದೆ. ಅವನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಆ ಪಟ್ಟಿಯನ್ನು ಮತ್ತೆ ಹಂಚಿಲ್ಲ.

ಎರಡು ವಾರದ ನಂತರ ಅಡುಗೆಯ ತರಗತಿ, ಬ್ರೆಡ್ಡಿನ ಹಿಟ್ಟು ನಾದುವ ಪಾಠ. ನಾನು ಅವನ ಪಕ್ಕದಲ್ಲೇ ನಿಂತು ನನ್ನ ಮುದ್ದೆ ನಾದುತ್ತಿದ್ದೆ. ಹಿಟ್ಟಿನಿಂದ ಕಣ್ಣೆತ್ತದೆ, "ಪ್ರತಿ ಬುಧವಾರ ಹೊಟ್ಟೆ ನೋಯುತ್ತದೆ" ಎಂದ. ಬುಧವಾರ ಅವನು ತಾಯಿಯ ಮನೆಯಿಂದ ತಂದೆಯ ಮನೆಗೆ ಹೋಗುವ ದಿನ. ನಾನೂ ಕಣ್ಣೆತ್ತಲಿಲ್ಲ. ನಾದುತ್ತಲೇ ಒಂದೊಂದಾಗಿ ಹೊರಬಂತು: ಗಣಿತದ ಪುಸ್ತಕ ಯಾವಾಗಲೂ ಇನ್ನೊಂದು ಮನೆಯಲ್ಲಿ ಉಳಿಯುತ್ತದೆ, ತರಲು ಹೋಗಬೇಕೆಂದರೆ ಅಪ್ಪನೇ ಅಮ್ಮನಿಗೆ ಫೋನ್ ಮಾಡಬೇಕು, ಫೋನ್ ಮಾಡಿದರೆ ಜಗಳ. ಪಟ್ಟಿಯಲ್ಲಿ ವಿಚ್ಛೇದನಕ್ಕೆ 73 ಇತ್ತು, ಮರೆತ ಪುಸ್ತಕಕ್ಕೆ ಸೊನ್ನೆ. ಮರುದಿನ ಶಾಲೆಯ ಕಚೇರಿಯಿಂದ ಇನ್ನೊಂದು ಪುಸ್ತಕ ಕೊಡಿಸಿದೆ. ಅವನ ಕಷ್ಟವೆಲ್ಲ ತೀರಿತೆಂದಲ್ಲ, ಬುಧವಾರ ಮಾತ್ರ ಹಗುರಾಯಿತು.

ಆಗ ನೆನಪಾದದ್ದು ನಮ್ಮ ಮನೆಯ ಪಡಸಾಲೆ. ಜೋಳ ಹಸನು ಮಾಡಲು ಕುಳಿತಾಗಲೇ ಅಲ್ಲವೇ ಓಣಿಯ ಹೆಂಗಸರು ಯಾರಿಗೂ ಹೇಳದ್ದನ್ನೆಲ್ಲ ಹೇಳಿಕೊಳ್ಳುತ್ತಿದ್ದುದು? ಕೈ ಕೆಲಸದಲ್ಲಿದ್ದರೆ ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ. ಹದಿಹರೆಯದವರನ್ನು ಎದುರು ಕುರ್ಚಿಯಲ್ಲಿ ಕೂರಿಸಿ, "ಏನು ತೊಂದರೆ, ಹೇಳು" ಎಂದರೆ ಅದು ಪೊಲೀಸ್ ಠಾಣೆಯ ವಿಚಾರಣೆಯಾಗುತ್ತದೆ. ಆದರೆ ಒಂದು ಮಾತನ್ನು ಅವರಿಗೆ ವರ್ಷದ ಮೊದಲ ದಿನವೇ ಹೇಳಿಬಿಡುತ್ತೇನೆ: ಯಾರಾದರೂ ನಿಮಗೆ ಕೇಡು ಮಾಡುತ್ತಿದ್ದರೆ ಅದನ್ನು ನಾನು ಗುಟ್ಟಾಗಿ ಇಡಲಾರೆ, ವರದಿ ಮಾಡಲೇಬೇಕು. ಇಲ್ಲಿನ ಶಿಕ್ಷಕರಿಗೆ ಅದು ಕಾನೂನು. ನಮ್ಮಲ್ಲಿಯೂ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದವರು ಯಾರೇ ಆಗಲಿ ದೂರು ಕೊಡಲೇಬೇಕು. ಊರಲ್ಲಿ ಹೇಳಿದರೆ ಹುಬ್ಬೇರಿಸುತ್ತಾರೆ.

ಇನ್ನೊಂದು ತೊಡಕು. ಅವ್ವನ ಬಳಿ ಎಲ್ಲ ಸಂಕಟಕ್ಕೂ ಒಂದೇ ಔಷಧ: "ಮನಸ್ಸಿಗೆ ಹಚ್ಚಿಕೊಳ್ಳಬೇಡ." ಇದನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ ಸೋತಿದ್ದೇನೆ, ಪಾಲಿಸಲು ಹೋಗಿಯೂ. 2024ರ ಮಾರ್ಚ್ 11, ಸೋಮವಾರ, ಶಾಲೆಗೆ ಹೊರಡುವ ಮುಂಚೆ ಮೊಬೈಲ್ ತೆರೆದರೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಹೊಗೆ. ಮೆಣಸಿನಕಾಯಿ ದರ ಕುಸಿದು, ರೊಚ್ಚಿಗೆದ್ದವರು ವಾಹನಗಳಿಗೆ ಬೆಂಕಿ ಹಚ್ಚಿದ್ದರು. ಮಾಮಾ, ಎಂದರೆ ಅಕ್ಕನ ಗಂಡ, ಮಾಲು ತೆಗೆದುಕೊಂಡು ಅಲ್ಲಿಗೇ ಹೋಗಿದ್ದರು, ಫೋನ್ ಎತ್ತುತ್ತಿಲ್ಲ. ಅಂದು ನನ್ನ ಪಾಠ ಒತ್ತಡವನ್ನು ತಾಳಿಕೊಳ್ಳುವ ಬಗೆ. ಮಕ್ಕಳಿಗೆ ಉಸಿರಾಟ ಹೇಳಿಕೊಡುತ್ತ ನಾನೇ ಮೇಜಿನ ಕೆಳಗೆ ಮೊಬೈಲ್ ನೋಡುತ್ತಿದ್ದೆ. ಮಧ್ಯಾಹ್ನ ಅಕ್ಕನ ಸಂದೇಶ ಬಂತು: ಮನೆಗೆ ಬಂದರು, ಉಂಡು ಮಲಗಿದರು.

ಆ ವರ್ಷದ ಡಿಸೆಂಬರ್ ರಜೆಗೆ ಊರಿಗೆ ಹೋದಾಗ ಪ್ರೌಢಶಾಲೆಯೊಂದರಲ್ಲಿ ಮಾತಾಡಲು ಕರೆದರು. ಹಾರ, ಸ್ವಾಗತ, ಹಿಂದೆ ಸಾಲಾಗಿ ಕುಳಿತ ಗುರುಗಳು. ಮನೆಯಲ್ಲಿ ಏನಾದರೂ ಚಿಂತೆ ಇದೆಯೇ ಎಂದು ಕೇಳಿದರೆ ಎಂಬತ್ತು ಮಕ್ಕಳೂ ಒಕ್ಕೊರಲಿನಿಂದ, "ಇಲ್ಲ ರೀ." ಇಷ್ಟು ಸುಖಿಗಳನ್ನು ನಾನು ಒಂದೇ ಸೂರಿನ ಕೆಳಗೆ ಕಂಡಿರಲಿಲ್ಲ.

ಆ ಭಾನುವಾರ ಅಕ್ಕನ ಪಡಸಾಲೆಯಲ್ಲಿ ತಾಡಪತ್ರಿ ಹಾಸಿ ಮೆಣಸಿನಕಾಯಿ ಸುರುವಿದ್ದರು. ವರ್ಷದ ಖಾರಕ್ಕಾಗಿ ತೊಟ್ಟು ಮುರಿಯುವ ಕೆಲಸ. ನಮ್ಮ ಕಡೆ ತುಂಬು ಬಿಡಿಸುವುದು ಎನ್ನುತ್ತಾರೆ. ಅಕ್ಕನ ಮಗಳು, ಅವಳ ಇಬ್ಬರು ಗೆಳತಿಯರು, ಮೂವರೂ ಹತ್ತನೆಯ ತರಗತಿ. ಮೊದಲು ಪರೀಕ್ಷೆಯ ಮಾತು. ಆಗ ಎಸ್ಎಸ್ಎಲ್‌ಸಿಗೆ ವರ್ಷದಲ್ಲಿ ಮೂರು ಪರೀಕ್ಷೆ ಇದ್ದವು. "ಮೂರು ಅವಕಾಶವಂತೆ ಚಿಗವ್ವ, ನಮಗೆ ಮೂರು ಸಲ ಹೆದರಿಕೆ" ಎಂದಳು ಅಕ್ಕನ ಮಗಳು. ನಗು. ಬುಟ್ಟಿ ಅರ್ಧ ತುಂಬಿರಬೇಕು, ಮೂಲೆಯಲ್ಲಿದ್ದ ಹುಡುಗಿ (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ) ತನ್ನಷ್ಟಕ್ಕೆ ಹೇಳಿದಳು: "ನಮ್ಮ ಅಪ್ಪ ರಾತ್ರಿಯೆಲ್ಲ ಎದ್ದು ಕುಳಿತಿರುತ್ತಾನೆ. ಹೋದ ವರ್ಷದ ನಲವತ್ತು ಚೀಲ ಕೋಲ್ಡ್ ಸ್ಟೋರೇಜಿನಲ್ಲೇ ಇವೆ. ದರ ಬಂದರೆ ನನ್ನ ಕಾಲೇಜು, ಬರದಿದ್ದರೆ ನನ್ನ ಮದುವೆ."

"ನಿನಗೆ ಹಾಗೆಂದು ಹೇಳಿದರೇ?"

"ನನಗೆ ಯಾರು ಹೇಳುತ್ತಾರೆ? ಓದಿಕೋ ಎನ್ನುತ್ತಾರೆ. ನಡುವೆ ಗೋಡೆ ಇಲ್ಲವಲ್ಲ, ಕೇಳಿಸುತ್ತದೆ."

ಅಂಗೈ ಹಿಂಭಾಗದಿಂದ ಕಣ್ಣು ಒರೆಸಿಕೊಂಡು, "ಖಾರ ಬಿತ್ತು" ಎಂದಳು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣದ್ದೇ ಹೆಸರು, ಖಾರ ಕಡಿಮೆ. ಅಲ್ಲಿದ್ದವರಿಗೆಲ್ಲ ಅದು ಗೊತ್ತು. ಅಕ್ಕ ಒಂದು ತಂಬಿಗೆ ನೀರು ತಂದು ಪಕ್ಕದಲ್ಲಿಟ್ಟು ಒಳಗೆ ಹೋದಳು.

ಹೇಳಬೇಕಾದ್ದನ್ನು ಹೇಳಿದೆ. 18 ತುಂಬುವ ಮುಂಚೆ ಮದುವೆ ಮಾಡುವಂತಿಲ್ಲ, ಹಾಗೇನಾದರೂ ಆದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ನಿದ್ದೆ ಬರದ ಅಪ್ಪನಿಗಾಗಲಿ, ನಿನಗಾಗಲಿ 14416ರಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಹಗಲು ರಾತ್ರಿ ಮಾತಿಗೆ ಸಿಗುತ್ತಾರೆ, ಕನ್ನಡದಲ್ಲೇ. ಅಕ್ಕನ ಮಗಳು ಎರಡೂ ಸಂಖ್ಯೆಗಳನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಳು. ಆ ಹುಡುಗಿಗೆ ಬೇಕಾಗಿದ್ದುದು ಮಾತ್ರ ಬೇರೆ. "ಅಪ್ಪನನ್ನು ಹೇಗೆ ಕೇಳುವುದು ಚಿಗವ್ವ?"

"ರಾತ್ರಿ ಕೇಳಬೇಡ. ಎದುರು ನಿಂತೂ ಕೇಳಬೇಡ. ಬೆಳಿಗ್ಗೆ ದನಕ್ಕೆ ಮೇವು ಹಾಕುವಾಗ ನೀನೂ ಹೋಗಿ ಹಾಕು. ಮದುವೆಯ ಮಾತು ಎತ್ತಬೇಡ. ಚೀಲ ಎಷ್ಟಿವೆ ಎಂದಷ್ಟೇ ಕೇಳು."

ನಾನು ಒಹಾಯೊಗೆ ಮರಳಿದ ಮೇಲೆ, ಜನವರಿಯ ಕೊನೆಯಲ್ಲಿ ಅಕ್ಕನ ಮಗಳ ಧ್ವನಿ ಸಂದೇಶ ಬಂತು. ಗೆಳತಿ ಕೇಳಿದಳಂತೆ. ಅಪ್ಪ ಬಹಳ ಹೊತ್ತು ಮಾತಾಡದೆ ಮೇವು ಹಾಕಿ, "ನಲವತ್ತಲ್ಲ, ನಲವತ್ತೆರಡು" ಎಂದನಂತೆ. ಮರುದಿನ ಬೆಳಿಗ್ಗೆ ಕೊಟ್ಟಿಗೆಗೆ ಹೋಗುವಾಗ ಅವಳನ್ನು ತಾನೇ ಕೂಗಿ ಕರೆದನಂತೆ.